ಸಾಲಿನ ಮುಂದಿನವಳು

ಯಾರದೋ ಕೆಳದವಡೆಯ ಹಲ್ಲೊಂದನ್ನು ಮೇಣದಲ್ಲಿ ಕೆತ್ತುತ್ತ ಕೂತಿದ್ದವಳಿಗೆ, ಉಗುರಿನಷ್ಟಗಲದ ಹಲ್ಲಿಗೆ ನಾಲ್ಕು ನಾಲ್ಕು ಶಿಖರ ಯಾಕೆ ಬೇಕಿತ್ತೋ ಎಂದು ಇದ್ದಕ್ಕಿದ್ದ ಹಾಗೆ ಸಿಟ್ಟು ಬಂತು. ಈ ಹಲ್ಲಿನ ಲ್ಯಾಬಿಗೆ ಕೆಲಸಕ್ಕೆ ಬಂದಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ಅಂದಿನಿಂದ ಇಂದಿನ ತನಕ ಕೆತ್ತಿದ ದವಡೆಹಲ್ಲುಗಳನ್ನು ಸಾಲಾಗಿ ಇಟ್ಟರೆ ಒಂದು ಬೀದಿಯೇ ಆದೀತು. ಅಷ್ಟು ಕಾಲವೂ ಅವು ಅವಳಿಗೆ ಬರೀ ಉಬ್ಬುಗಳಾಗಿದ್ದವು. ಎರಡು ಉಬ್ಬಿನ ನಡುವೆ ಒಂದು ತಗ್ಗು, ಆ ತಗ್ಗಿನಲ್ಲಿ ಮೇಲಿನ ಹಲ್ಲು ಬಂದು ಕೂರಬೇಕು, ಕೂತರೆ ಅಗಿಯಬಹುದು, ಕೂರದಿದ್ದರೆ ದಂತವೈದ್ಯರು ವಾಪಸ್ಸು ಕಳಿಸುತ್ತಾರೆ, ಅಷ್ಟೇ ಸಮಾಚಾರ. ಹೋದ ಭಾನುವಾರದಿಂದ ಈಚೆಗೆ ಮಾತ್ರ, ಮೇಣದ ಚಾಕು ತಗ್ಗಿನಿಂದ ಉಬ್ಬಿಗೆ ಏರುವಾಗಲೆಲ್ಲ ಅವಳ ಮೀನಖಂಡ ಜುಂ ಎನ್ನುತ್ತದೆ, ಕಿವಿ ಬಿಸಿಯಾಗುತ್ತದೆ, ಬೆನ್ನ ಹಿಂದೆ ಯಾರೋ ಕಾಯುತ್ತ ನಿಂತಿದ್ದಾರೆ ಎನ್ನಿಸುತ್ತದೆ. ತಿರುಗಿ ನೋಡಿದರೆ ಪ್ಲಾಸ್ಟರಿನ ಅಚ್ಚುಗಳ ಕಪಾಟು, ಅದರ ತುಂಬ ಬಾಯಿ ಬಿಟ್ಟುಕೊಂಡು ನಗುವ ಯಾರಾರದೋ ದವಡೆಗಳು. ಎಲ್ಲವೂ ತನ್ನನ್ನು ನೋಡಿಯೇ ನಗುತ್ತಿರುವಂತೆ ಕಂಡು, ಅವಳು ಮೇಣದ ಹಲ್ಲಿನ ಒಂದು ಶಿಖರವನ್ನು ಬೇಕೋ ಬೇಡವೋ ಎಂಬಂತೆ ತಗ್ಗಿಸಿ, ಆಮೇಲೆ ನಾಲಗೆ ಕಚ್ಚಿಕೊಂಡು, ಸ್ಪಿರಿಟ್ ದೀಪದಲ್ಲಿ ಮೇಣ ಕರಗಿಸಿ ಅದನ್ನು ಮತ್ತೆ ಏರಿಸಿದಳು.

"ಅಕ್ಕಾ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು," ಎಂದ ಪಕ್ಕದ ಮೇಜಿನ ಪಾಲಿಶ್‌ನವನು. ಪಾಲಿಶ್ ಯಂತ್ರದ ಸದ್ದನ್ನೂ ಮೀರಿ ಬೆಳಗಿನಿಂದ ಸಂಜೆಯ ತನಕ ಮಾತಾಡುವ ಅವನನ್ನು ಲ್ಯಾಬಿನಲ್ಲಿ ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು.

"ಬೇಜಾರಾಗುತ್ತೆ ಅಂದ್ರೆ ಕೇಳದೆ ಬಿಡ್ತೀಯಾ?"

"ಅದೂ ಸರಿ. ಅಲ್ಲ, ಈ ವಯಸ್ಸಲ್ಲಿ ನಿಮಗೆ ಬೆಟ್ಟ ಯಾಕೆ ಅಂತ? ಅಲ್ಲಿ ಮೇಲೆ ಏನಾದ್ರೂ ಕೊಡ್ತಾರಾ?"

"ಗಾಳಿ ಕೊಡ್ತಾರೆ."

"ಗಾಳಿ ಇಲ್ಲೂ ಇದೆಯಲ್ಲಕ್ಕಾ, ಫ್ಯಾನ್ ಹಾಕಿದ್ರೆ ಆಯ್ತು," ಎಂದು ರೇಡಿಯೋ ತನ್ನ ಮಾತಿಗೆ ತಾನೇ ನಕ್ಕ. "ದೂರದ ಬೆಟ್ಟ ನುಣ್ಣಗೆ ಅಂತಾರೆ. ಸುಮ್ನೆ ದೂರದಿಂದ ನೋಡ್ಕೊಂಡು ಇದ್ದುಬಿಡಿ."

ಈ ಗಾದೆಯನ್ನು ಈ ಒಂದು ತಿಂಗಳಲ್ಲಿ ಅವಳಿಗೆ ಹೇಳದವರೇ ಪಾಪಿಗಳು. ಕೇಳಿದವರಿಗೆಲ್ಲ ಅವಳು ಒಂದೊಂದು ಕಾರಣ ಹೇಳಿಯೂ ಆಗಿತ್ತು. ಲ್ಯಾಬಿನ ಯಜಮಾನರಿಗೆ ಸಕ್ಕರೆ ಕಾಯಿಲೆ ಬರಬಾರದಲ್ಲ ಸಾರ್ ಎಂದಿದ್ದಳು. ಅತ್ತೆಗೆ, ಡಾಕ್ಟರೇ ಹೇಳಿದ್ದಾರೆ ನಡೀಬೇಕಂತೆ ಎಂದು. ಮದುವೆಯಾಗಿ ಹೋದ ಮಗಳಿಗೆ ಫೋನಿನಲ್ಲಿ, ನೀನಿಲ್ಲದೆ ಹೊತ್ತು ಹೋಗಲ್ಲ ಕಣೇ ಎಂದು. ಗಂಡನಿಗೆ, ಸುಮ್ನೆ ಕಣ್ರೀ ಎಂದು. ಒಂದೂ ಪೂರ್ತಿ ಸುಳ್ಳಲ್ಲ, ಒಂದೂ ಪೂರ್ತಿ ನಿಜವಲ್ಲ. ತನಗೇ ತಾನು ಹೇಳಿಕೊಳ್ಳಲು ಹೋದರೆ ಮಾತ್ರ ಏನೂ ಸಿಗುತ್ತಿರಲಿಲ್ಲ. ಕಿಸೆಯಲ್ಲಿ ಕೈಯಾಡಿಸಿ ಬೀಗದ ಕೈ ಎಲ್ಲಿ ಹೋಯಿತೆಂದು ತಡಕುವಾಗಿನ ಗಾಬರಿ ಅಷ್ಟೇ ಸಿಗುತ್ತಿತ್ತು. ಅವಳಿಗೆ ಗೊತ್ತಿದ್ದದ್ದು ಒಂದೇ: ಹಿಮದ ಬೆಟ್ಟ ಹತ್ತುವಾಗ ಎಲ್ಲರೂ ಸೊಂಟಕ್ಕೆ ಕಟ್ಟಿಕೊಳ್ಳುವ ಒಂದೇ ಹಗ್ಗದಲ್ಲಿ ಐದು ಜನಕ್ಕೆ ಜಾಗ, ನಾಲ್ಕು ಜನ ಗೊತ್ತಾಗಿದ್ದಾರೆ, ಐದನೆಯ ಜಾಗ ಅವಳಿಗೋ ಟೈಲರಿಗೋ ಎಂಬುದು ನಾಳೆ ಭಾನುವಾರ ಅಭ್ಯಾಸದ ಗುಡ್ಡದ ಮೇಲೆ ತೀರ್ಮಾನವಾಗುತ್ತದೆ.

ಆದರೆ ಸಿಟ್ಟಿಗೆ ಕಾರಣ ಅದಲ್ಲ. ಸಿಟ್ಟಿಗೆ ಕಾರಣ ಡಾಕ್ಟರಮ್ಮನ ಪದ್ಧತಿ. ಡಾಕ್ಟರಮ್ಮ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮೊದಲು ಅರಿವಳಿಕೆ ಕೊಡುವವರು. ಮಲಗಿದವರ ಉಸಿರನ್ನು ಆಲಿಸುತ್ತ ತಲೆಯ ಬಳಿ ಕೂತಿರುವುದೇ ಅವರ ಕೆಲಸ. ಬೆಟ್ಟಕ್ಕೆ ತಂಡ ಕರೆದುಕೊಂಡು ಬಂದಾಗಲೂ ಅವರು ಸಾಲಿನ ಕಟ್ಟಕಡೆಗೆ ನಡೆಯುತ್ತ, ಒಂದು ಮಾತೂ ಆಡದೆ, ಮುಂದಿನವರ ಉಸಿರನ್ನು ಕೇಳುತ್ತಾರೆ. ಅವರ ಸಾಲಿನಲ್ಲಿ ಎಲ್ಲರಿಗಿಂತ ನಿಧಾನವಾದವರು ಎಲ್ಲರಿಗಿಂತ ಮುಂದೆ. ಚುರುಕಿನವರನ್ನು ಮುಂದೆ ಬಿಟ್ಟರೆ ಅವರು ಓಡುತ್ತಾರೆ, ಅವರನ್ನು ಹಿಡಿಯಲು ಹೋಗಿ ಹಿಂದಿನವರು ಏದುಸಿರು ಬಿಟ್ಟು ಕೂರುತ್ತಾರೆ, ಸಾಲು ಹರಿದು ಹಂಚಿಹೋಗುತ್ತದೆ. ನಿಧಾನದವರು ಮುಂದಿದ್ದರೆ ಎಲ್ಲರೂ ಅವರ ಹೆಜ್ಜೆಗೇ ಹೆಜ್ಜೆ ಹಾಕಬೇಕು, ಎಲ್ಲರೂ ಒಟ್ಟಿಗೇ ಮೇಲೆ ಮುಟ್ಟುತ್ತಾರೆ. ಕೇಳುವುದಕ್ಕೆ ಎಷ್ಟು ಚಂದದ ಮಾತು! ಹೋದ ಭಾನುವಾರ ಗುಡ್ಡದ ಬುಡದಲ್ಲಿ ಡಾಕ್ಟರಮ್ಮ ಎಲ್ಲರನ್ನೂ ಒಂದು ಸುತ್ತು ನಡೆಸಿ ನೋಡಿ, ಅವಳ ಹೆಗಲು ಹಿಡಿದು, "ನೀವು ಮುಂದೆ ಬನ್ನಿ," ಎಂದಾಗ, ಎಲ್ಲರ ಮುಂದೆ ಸೀರೆಯ ನೆರಿಗೆ ಬಿಚ್ಚಿಹೋದಷ್ಟು ನಾಚಿಕೆಯಾಗಿತ್ತು. ಅವಳ ಹಿಂದೆ ಟೈಲರು ನಿಂತಿದ್ದ. ದೊಡ್ಡ ಹೊಟ್ಟೆಯ, ಒಳ್ಳೆ ಮನಸ್ಸಿನ ಮನುಷ್ಯ. "ನೀವಿದ್ದದ್ದು ಒಳ್ಳೇದಾಯ್ತು ಕಣಮ್ಮಾ, ಇಲ್ಲದಿದ್ರೆ ನಾನೇ ಅಲ್ಲಿ ನಿಲ್ಲಬೇಕಿತ್ತು," ಎಂದು ಪಿಸುಗುಟ್ಟಿದ್ದ. ಅವನ ಹಿಂದೆ ಫೋಟೋ ಸ್ಟುಡಿಯೋದ ಗಂಡ ಹೆಂಡತಿ, ಅವರ ಹಿಂದೆ ಎಲ್ಲರೂ ಜಿಂಕೆ ಎಂದು ಕರೆಯುವ ವಿಮೆ ಏಜೆಂಟು, ಕೊನೆಗೆ ಡಾಕ್ಟರಮ್ಮ. ಅಷ್ಟು ಜೋಡಿ ಕಣ್ಣು ತನ್ನ ಬೆನ್ನಿನ ಮೇಲೆ! ನಡೆದಷ್ಟು ದೂರವೂ ಅವಳಿಗೆ ಗುಡ್ಡ ಕಾಣಲಿಲ್ಲ, ತನ್ನ ಬೆನ್ನೇ ಕಂಡಿತು. ಅದು ಹೇಗೆ ಅಗಲವಾಗಿದೆ, ಹೇಗೆ ಬೆವೆತಿದೆ, ಹೇಗೆ ಎಲ್ಲರಿಗೂ ಅಡ್ಡವಾಗಿದೆ ಎಂದು. ತುದಿಗೆ ಇನ್ನೇನು ನಾಲ್ಕು ಹೆಜ್ಜೆ ಎನ್ನುವಾಗ ಬೂಟಿನ ದಾರ ಕಟ್ಟುವ ನೆಪ ಮಾಡಿ ಪಕ್ಕಕ್ಕೆ ಸರಿದು, ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ಮೇಲೆ ಹತ್ತಿದ್ದಳು. ಎಲ್ಲರಿಗಿಂತ ನಿಧಾನದವಳು ಎಲ್ಲರಿಗಿಂತ ಮೊದಲು ತುದಿ ಮುಟ್ಟುವುದೆಂದರೆ ಕದ್ದು ತಿಂದ ಹಾಗೆ ಅನ್ನಿಸಿತ್ತು.

ಇದಿಷ್ಟನ್ನು ಅಂದು ಸಂಜೆ ಮನೆಯಲ್ಲಿ ಬಾಯಿ ಬಿಟ್ಟು ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬಾಗಿಲು ತೆಗೆದ ಗಂಡ, "ಹೇಗಾಯ್ತು? ನಿನ್ನನ್ನ ಎಲ್ಲಿ ನಿಲ್ಲಿಸಿದ್ರು?" ಎಂದಾಗ ಅವಳ ಬಾಯಿಂದ "ಮುಂದೆ" ಎಂಬ ಒಂದೇ ಮಾತು ಬಂತು. "ಮುಂದೇನಾ? ಎಲ್ಲರಿಗಿಂತ ಮುಂದೇನಾ?" ಎಂದು ಅವನ ಮುಖ ಊರಗಲ ಆಯಿತು. ಆ ಮುಖವನ್ನು ಚಿಕ್ಕದು ಮಾಡುವ ಶಕ್ತಿ ಆ ಹೊತ್ತಿನಲ್ಲಿ ಅವಳ ಕಾಲಿಗೂ ಇರಲಿಲ್ಲ, ನಾಲಗೆಗೂ ಇರಲಿಲ್ಲ. ಬಿಸಿನೀರಿನಲ್ಲಿ ಕಾಲು ಇಟ್ಟುಕೊಂಡು ಕೂತು, ನಾಳೆ ಹೇಳಿದರಾಯಿತು ಎಂದುಕೊಂಡಳು. ಗಂಡನದು ಕರೆಂಟಿನ ಮೀಟರು ಓದುವ ಕೆಲಸ. ಬೇರೆಯವರ ಗಂಡಂದಿರು ಹೆಂಡತಿಯ ಸುದ್ದಿಯನ್ನು ಆಫೀಸಿನಲ್ಲಿ ಹೇಳಿ ಸುಮ್ಮನಾಗುತ್ತಾರೆ. ಈ ಪುಣ್ಯಾತ್ಮ ಸೋಮವಾರದಿಂದ ಮನೆ ಮನೆಯ ಬಾಗಿಲು ತಟ್ಟಿ, ಮೀಟರಿನ ಅಂಕೆ ಬರೆದುಕೊಳ್ಳುತ್ತ, ನಮ್ಮನೆಯವಳನ್ನೇ ಸಾಲಿನ ಮುಂದೆ ಹಾಕಿದ್ದಾರೆ ಕಣ್ರೀ ಎಂದು ಟಾಂಟಾಂ ಹೊಡೆದ. ಬುಧವಾರ ತರಕಾರಿಯವಳು ಎರಡು ಟೊಮೆಟೊ ಹೆಚ್ಚು ಹಾಕಿ, "ತಿನ್ನಿ, ಮುಂದಾಳು ಅಲ್ವಾ ನೀವು," ಎಂದಳು. ಗುರುವಾರ ಗುರುತಿಲ್ಲದ ಯಾರೋ ಮುದುಕರು ಬಸ್ಸಿನಲ್ಲಿ ಎದ್ದು ಅವಳಿಗೆ ಜಾಗ ಬಿಟ್ಟರು. ಆ ಸೀಟಿನಲ್ಲಿ ಕೂತಳೋ ಮುಳ್ಳಿನ ಮೇಲೆ ಕೂತಳೋ. ದಿನಾ ಲ್ಯಾಬಿನ ಮೆಟ್ಟಿಲನ್ನು ಓಡಿಕೊಂಡು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು ಶುರು ಮಾಡಿದಳು. ಬರುವ ಭಾನುವಾರ ಏನೇ ಆಗಲಿ, ಮುಂದೆ ನಿಲ್ಲಬಾರದು.

ಶನಿವಾರ ಸಂಜೆ ಮನೆಗೆ ಬಂದರೆ ಗಂಡನ ಅಣ್ಣ ಬಂದು ಕೂತಿದ್ದರು. ಅವರು ಬಂದರೆಂದರೆ ಕುರ್ಚಿಗಳೂ ಸೆಟೆದು ಕೂರುತ್ತವೆ. ಅತ್ತೆ ಮೂಲೆಯ ಮಂಚದ ಮೇಲೆ ಕಾಲು ಚಾಚಿಕೊಂಡಿದ್ದರು. ಅತ್ತೆಯ ಬಾಯಿಯ ಹಲ್ಲು ಸೆಟ್ಟು ಸೊಸೆಯೇ ಮಾಡಿಕೊಟ್ಟದ್ದು, ಲ್ಯಾಬಿನಲ್ಲಿ ಇಂದಿಗೂ ಹೆಸರು ಹೇಳುವಂಥ ಕೆಲಸ. ಆದರೆ ಏನಾದರೂ ಮುಖ್ಯವಾದದ್ದನ್ನು ಹೇಳಬೇಕಾದಾಗಲೆಲ್ಲ ಅತ್ತೆ ಅದನ್ನು ತೆಗೆದು ಲೋಟದ ನೀರಿಗೆ ಹಾಕಿ ಆಮೇಲೆ ಮಾತಾಡುತ್ತಿದ್ದರು. ಈಗ ಲೋಟ ಕೈಯಲ್ಲಿತ್ತು.

"ಏನಮ್ಮಾ, ಮುಂದಾಳಾಗಿದೀಯಂತೆ," ಎಂದರು ಭಾವ. "ಇವನು ಹೇಳ್ತಿದ್ದ. ನಾನು ನಂಬಲಿಲ್ಲ. ನಮ್ಮನೇಲಿ ಬಸ್ಸಿಗೂ ಓಡದವಳು ನೀನು."

"ಅಣ್ಣಾ, ನೀನು ಯಾವಾಗ ಏನನ್ನ ನಂಬಿದೀಯ ಹೇಳು," ಎಂದ ಗಂಡ. "ಐದಾರು ಜನರಲ್ಲಿ ಇವಳನ್ನೇ ಆರಿಸಿ ಮುಂದೆ ನಿಲ್ಸಿದ್ದಾರೆ. ಸುಮ್ನೆ ನಿಲ್ಲಿಸ್ತಾರಾ? ನೀನೇ ಹೇಳೇ."

ಅತ್ತೆ ಲೋಟದೊಳಗೆ ಹಲ್ಲು ಬಿಟ್ಟು, ಬೊಚ್ಚು ಬಾಯಲ್ಲಿ, "ಹತ್ತೋದು ಯಾಕೆ, ಇಳಿಯೋಕೆ ತಾನೆ? ಕೆಳಗೇ ಇದ್ದಿದ್ರೆ ಅಷ್ಟೂ ಮಿಗ್ತಿತ್ತು," ಎಂದರು.

ಭಾವ ಗಹಗಹಿಸಿ ನಕ್ಕರು. ಗಂಡ ನಗಲಿಲ್ಲ. ಅವನು ಅವಳ ಪರವಾಗಿ ಮುಖ ಕೆಂಪು ಮಾಡಿಕೊಂಡು, "ಅಮ್ಮಾ, ನಿನಗೆ ಗೊತ್ತಾಗಲ್ಲ, ಮುಂದೆ ನಡೆಯೋದು ಅಂದ್ರೆ ಏನು ಸಾಮಾನ್ಯಾನಾ," ಎಂದು ಶುರು ಮಾಡಿದ. ಅವನ ಕೈ ಮೇಲೆದ್ದಿತ್ತು, ಬೆರಳು ಬೆಟ್ಟದ ಇಳಿಜಾರನ್ನು ಗಾಳಿಯಲ್ಲಿ ತೋರಿಸುತ್ತಿತ್ತು. ಬೆಟ್ಟವನ್ನೇ ಕಾಣದ ಆ ಬೆರಳು ಎಷ್ಟು ನಂಬಿಕೆಯಿಂದ ಮೇಲಕ್ಕೆ ಏರುತ್ತಿದೆ ಎಂದು ನೋಡುತ್ತ ನಿಂತವಳಿಗೆ ಇನ್ನು ತಡೆಯಲಾಗಲಿಲ್ಲ.

"ಸಾಕು ಮಾಡ್ರೀ! ಮುಂದೆ ಹಾಕೋದು ಎಲ್ಲರಿಗಿಂತ ನಿಧಾನ ಇರೋರನ್ನ!"

ಗಂಡನ ಕೈ ಗಾಳಿಯಲ್ಲೇ ಉಳಿಯಿತು. ಮುಖ ಇಂಗು ತಿಂದ ಮಂಗನಂತಾಯಿತು. ಭಾವನಿಗೆ ಈ ವರ್ಷವೆಲ್ಲ ಹೇಳಿಕೊಂಡು ನಗುವಷ್ಟು ಸಿಕ್ಕಿತ್ತು, ಅವರು ಎದ್ದು ಹೊರಟರು. ಅತ್ತೆ ಮಾತ್ರ ಏನೂ ಆಗದವರಂತೆ ಲೋಟದಿಂದ ಹಲ್ಲು ತೆಗೆದು ಹಾಕಿಕೊಂಡರು. ಎಂದರೆ ಇನ್ನು ಹೇಳುವಂಥದ್ದು ಏನೂ ಇಲ್ಲ ಎಂದು ಅರ್ಥ. ಅಡಿಗೆಮನೆಯಲ್ಲಿ ಅವಳು ನಾಳೆಗೆ ಮೊಟ್ಟೆ ಬೇಯಿಸಲು ಇಡುತ್ತಿದ್ದಾಗ ಗಂಡ ಬಂದು ಬಾಗಿಲಿಗೆ ಒರಗಿ ನಿಂತ.

"ಮೊದಲೇ ಹೇಳ್ಬಾರ್ದಿತ್ತಾ? ಊರಿಗೆಲ್ಲ ಹೇಳ್ಕೊಂಡು ಬಂದೆನಲ್ಲೇ."

"ಹೇಳ್ಬೇಕು ಅಂತಾನೇ ಇದ್ದೆ. ನಿಮ್ಮ ಮುಖ ನೋಡಿ ಆಗಲಿಲ್ಲ."

"ನನ್ನ ಮುಖಕ್ಕೇನಾಗಿತ್ತು?"

"ಖುಷಿಯಾಗಿತ್ತು."

ಅವನು ಒಳಗೆ ಬಂದು, ಮೊಟ್ಟೆಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದ ಪಾತ್ರೆಯ ಉರಿ ತಗ್ಗಿಸಿ, "ನಾಳೆ ಒಂದು ಹೆಜ್ಜೆಯಾದ್ರೂ ಹಿಂದೆ ನಿಲ್ಲು ಮಾರಾಯ್ತಿ. ಎರಡನೆಯವಳಾದ್ರೂ ಆಗು," ಎಂದ. ಬೈದಿದ್ದರೆ ವಾಸಿಯಿತ್ತು. ಅವನು ಹಾಗೆ ಬೇಡಿಕೊಂಡಂತೆ ಕೇಳಿದ್ದು ಅವಳನ್ನು ಬೆಳಗಿನ ತನಕ ಚುಚ್ಚುತ್ತಲೇ ಇತ್ತು.

ಮೆಟ್ಟಿಲು ಹತ್ತಿ ಇಳಿದದ್ದು ಸುಮ್ಮನೆ ಹೋಗಲಿಲ್ಲ. ಭಾನುವಾರ ಗುಡ್ಡದ ಬುಡದಲ್ಲಿ ಒಂದು ಸುತ್ತು ನಡೆಸಿ ನೋಡಿದ ಡಾಕ್ಟರಮ್ಮ ಅವಳ ಹೆಗಲನ್ನು ದಾಟಿ ಹೋಗಿ, ಟೈಲರನ ಹೆಗಲ ಮೇಲೆ ಕೈ ಇಟ್ಟರು. "ಇವತ್ತು ನೀವು ಮುಂದೆ." ಅವಳು ಎರಡನೆಯವಳು! ಹೊಟ್ಟೆಯಲ್ಲಿ ಹಾಲು ಹುಯ್ದಂತಾಯಿತು. ಆಮೇಲೆ ಟೈಲರನ ಕತ್ತಿನ ಹಿಂಭಾಗ ಮೆಲ್ಲಗೆ ಕೆಂಪೇರಿ ಕಿವಿಯ ತನಕ ಹಬ್ಬುವುದು ಕಂಡಿತು. ಅದು ತನ್ನದೇ ಕತ್ತು, ಹೋದ ವಾರದ ತನ್ನ ಕತ್ತು ಹಿಂದಿನಿಂದ ಹೀಗೇ ಕಂಡಿರಬೇಕು ಎಂದು ಅನ್ನಿಸಿತು. ಅಯ್ಯೋ ಪಾಪ ಎಂದುಕೊಂಡಳು. ಅಯ್ಯೋ ಪಾಪ ಎಂದುಕೊಳ್ಳುತ್ತಲೇ ಖುಷಿಯೂ ಪಟ್ಟಳು. ಒಂದೇ ಎದೆಯಲ್ಲಿ ಇವೆರಡೂ ಜಗಳವಿಲ್ಲದೆ ಅಕ್ಕಪಕ್ಕ ಕೂರುವುದನ್ನು ಕಂಡು ಅವಳಿಗೇ ಸೋಜಿಗವಾಯಿತು. ದಾರಿ ಮೊದಲು ಸಣ್ಣ ಕಲ್ಲುಗಳ ನಡುವೆ ಸುತ್ತಿ, ಆಮೇಲೆ ನೇರವಾಗಿ ಏರುತ್ತದೆ. ಟೈಲರು ಒಂದು ಕಾಲಿಟ್ಟು, ಅದರ ಮೇಲೆ ಮೈಯ ಭಾರವನ್ನೆಲ್ಲ ತಂದು ನಿಲ್ಲಿಸಿ, ಒಂದು ಉಸಿರು ಬಿಟ್ಟು ಇನ್ನೊಂದು ಕಾಲೆತ್ತುತ್ತಿದ್ದ. ಅಷ್ಟರಲ್ಲಿ ಅವಳ ಕಾಲು ಅವನು ಬಿಟ್ಟ ಜಾಗಕ್ಕೆ ಬಂದಾಗಿರುತ್ತಿತ್ತು. ಸಾಲಿನಲ್ಲಿ ನಡೆಯುವವರಿಗೆ ಗೊತ್ತಿರುವ ಒಂದು ದುಷ್ಟತನವಿದೆ, ಹೊರಗಿನವರ ಕಣ್ಣಿಗೆ ಅದು ಬೀಳುವುದೇ ಇಲ್ಲ: ಮುಂದಿನವರ ಹಿಮ್ಮಡಿಗೆ ತೀರ ಹತ್ತಿರ ಕಾಲಿಡುತ್ತ ಹೋಗುವುದು. ಮಾತಿಲ್ಲ, ತಳ್ಳುವುದಿಲ್ಲ, ಮುಟ್ಟುವುದೂ ಇಲ್ಲ. ಬೂಟಿನ ಸದ್ದಷ್ಟೇ. ಆ ಸದ್ದು ಕೇಳಿದ ಮುಂದಿನವನು ತನಗಿಲ್ಲದ ವೇಗವನ್ನು ಎಲ್ಲಿಂದಲೋ ಸಾಲ ತಂದು ನಡೆಯುತ್ತಾನೆ. ಅವಳಿಗೆ ಇದು ತಿಳಿಯದ್ದಲ್ಲ. ಹೋದ ವಾರ ಟೈಲರು ಒಂದು ಸಲವೂ ಹಾಗೆ ಮಾಡಿರಲಿಲ್ಲ, ಅವನ ಬೂಟಿನ ಸದ್ದು ಸದಾ ಒಂದು ಗಜ ಹಿಂದೆಯೇ ಇತ್ತು ಎಂಬುದೂ ತಿಳಿಯದ್ದಲ್ಲ. ಎರಡನೆಯವಳಾದ್ರೂ ಆಗು ಎಂದ ಗಂಡನ ದನಿ, ಗಹಗಹಿಸಿದ ಭಾವನ ಹಲ್ಲು, ಐದನೆಯ ಜಾಗ. ಇವೆಲ್ಲ ಕೂಡಿಕೊಂಡು ಅವಳ ಕಾಲನ್ನು ಮತ್ತೆ ಮತ್ತೆ ಅವನ ಹಿಮ್ಮಡಿಯ ಬಳಿಗೇ ತಂದು ಇಡುತ್ತಿದ್ದವು, ಒಂದೆರಡು ಸಲ ಬೂಟಿನ ತುದಿ ಹಿಮ್ಮಡಿಯನ್ನು ತುಳಿದೂ ಬಿಟ್ಟಿತು. ಅರ್ಧ ಏರಿನಲ್ಲಿ ಟೈಲರು ನಿಂತ. ಪಕ್ಕದ ಬಂಡೆಯ ಮೇಲೆ ಕೂತ. "ಆಗಲ್ಲ. ನೀವೆಲ್ಲ ಹೋಗಿ ಬನ್ನಿ, ಇಳಿಯೋವಾಗ ನನ್ನ ಕರ್ಕೊಳ್ಳಿ," ಎಂದ.

ಡಾಕ್ಟರಮ್ಮ ಹಿಂದಿನಿಂದ ಬಂದು ಅವನ ನಾಡಿ ನೋಡಿದರು, ನೀರು ಕುಡಿಸಿದರು. "ಗಾಬರಿ ಏನಿಲ್ಲ. ಸುಧಾರಿಸ್ಕೊಳ್ಳಿ, ನಾನಿಲ್ಲೇ ಇರ್ತೀನಿ," ಎಂದು ಅವಳ ಕಡೆ ತಿರುಗಿ, "ಈಗ ನೀವು ಮುಂದೆ," ಎಂದರು. ಅಷ್ಟೇ. ಬೈಗುಳವಿಲ್ಲ, ಹುಬ್ಬು ಕೂಡ ಏರಿಸಲಿಲ್ಲ. ಅವಳು ನಡೆದಳು. ಗೆದ್ದೆ ಎಂದು ಮನಸ್ಸು ಹೇಳಿತು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಹೇಳಿದಷ್ಟೂ ಕಾಲು ಭಾರವಾಯಿತು. ತಿರುವಿನಲ್ಲಿ ಹಿಂದಿರುಗಿ ನೋಡಿದರೆ ಟೈಲರು ಬೂಟು ಬಿಚ್ಚಿ ತನ್ನ ಹಿಮ್ಮಡಿಯನ್ನೇ ನೋಡಿಕೊಳ್ಳುತ್ತಿದ್ದ, ಹರಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ. ಥೂ ನಿನ್ನ, ಎಂದು ತನಗೇ ಹೇಳಿಕೊಂಡು ಅವಳು ಹತ್ತಿದ್ದಷ್ಟನ್ನೂ ಇಳಿದು ಬಂದಳು. ಸ್ಟುಡಿಯೋದವರೂ ಜಿಂಕೆಯೂ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತರು.

"ನಿಮ್ಮ ಹಿಮ್ಮಡಿ ತುಳಿದದ್ದು ನಾನೇ," ಎಂದಳು.

"ಗೊತ್ತು ಕಣಮ್ಮಾ. ಮತ್ಯಾರು ತುಳೀತಾರೆ, ನನ್ನ ಹಿಂದೆ ಇದ್ದದ್ದು ನೀವೇ ತಾನೆ?"

"ಗೊತ್ತಿದ್ದೂ ತುಳಿದೆ."

"ಅದೂ ಗೊತ್ತು," ಎಂದು ಅವನು ಕಾಲುಚೀಲ ಏರಿಸಿಕೊಂಡ. "ಹೋದ ವಾರ ನಾನೂ ತುಳಿಯೋಣ ಅಂತಿದ್ದೆ. ನನ್ನ ಕಾಲು ನಿಮ್ಮಷ್ಟು ಮುಂದಕ್ಕೆ ಬರಲ್ಲ, ಏನು ಮಾಡ್ಲಿ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅಳುವೂ ಅದರ ಹಿಂದೆಯೇ ಬರುವುದರಲ್ಲಿತ್ತು, ಆದರೆ ನಗು ಮುಂದೆ ನಿಂತು ದಾರಿ ಬಿಡಲಿಲ್ಲ. "ಏಳಿ. ನನ್ನ ಹಿಂದೆ ಬನ್ನಿ. ನಿಮ್ಮ ಉಸಿರು ಹೇಗಿರುತ್ತೋ ಹಾಗೆ ನಡೀತೀನಿ. ಜೋರಾಯ್ತು ಅನ್ನಿಸಿದ್ರೆ ಕೆಮ್ಮಿ," ಎಂದಳು. ಟೈಲರು ಬೂಟು ತೊಟ್ಟು ಎದ್ದು ನಿಂತ.

ಆಮೇಲಿನ ಏರನ್ನು ಹೇಗೆ ಹೇಳುವುದು! ಅವಳು ಹಿಂದೆ ಕಿವಿಯಿಟ್ಟು, ಟೈಲರನ ಉಸಿರು ಒಳಗೆ ಹೋಗುವಾಗ ಒಂದು ಕಾಲೆತ್ತಿ, ಹೊರಗೆ ಬರುವಾಗ ಇಟ್ಟು ನಡೆದಳು. ಮೊದಲು ಲೆಕ್ಕ ತಪ್ಪಿತು, ಅವನು ಕೆಮ್ಮಿದ, ಅವಳು ಇನ್ನೂ ನಿಧಾನ ಮಾಡಿದಳು. ಸ್ವಲ್ಪ ಹೊತ್ತಿಗೆ ತನ್ನ ಉಸಿರು ಯಾವುದು ಅವನದು ಯಾವುದು ಎಂದು ಗೊತ್ತಾಗದೆ ಹೋಯಿತು, ಇನ್ನೂ ಸ್ವಲ್ಪ ಹೊತ್ತಿಗೆ ಹಿಂದಿನ ಬೂಟುಗಳೆಲ್ಲ ಒಂದೇ ಸಲ ನೆಲ ಮುಟ್ಟುವುದು ಕೇಳಿಸಿತು. ಜಿಂಕೆಯಂಥ ಜಿಂಕೆಯೂ ಹಾಗೇ ನಡೆಯುತ್ತಿದ್ದ. ಆಗ ಅವಳು ತಲೆಯೆತ್ತಿ ನೋಡಿದಳು, ಮುಂದೆ ಯಾರ ಬೆನ್ನೂ ಇರಲಿಲ್ಲ. ಎಷ್ಟು ವರ್ಷಗಳಿಂದ ಅವಳು ಬೆನ್ನುಗಳನ್ನೇ ನೋಡಿಕೊಂಡು ನಡೆದಿದ್ದಳು! ಬಸ್ಸಿನ ಸಾಲಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಮದುವೆ ಮನೆಗೆ ಹೋಗುವಾಗ ಗಂಡನ ಹಿಂದೆ ಅತ್ತೆಯ ಹಿಂದೆ. ಇಲ್ಲಿ ಕಲ್ಲು, ಒಣ ಹುಲ್ಲು, ಅದರಾಚೆ ಬರೀ ಆಕಾಶ, ಎಲ್ಲ ಮೊದಲು ಅವಳ ಕಣ್ಣಿಗೇ ಬೀಳುತ್ತಿತ್ತು. ಭಯವೂ ಇತ್ತು, ಕಾಲಡಿಯ ಜಲ್ಲಿ ಜಾರುತ್ತಿತ್ತು. ಆದರೆ ಮನೆಯಲ್ಲಿ ಅವಳು ಯಾವುದಕ್ಕೆ ಹೆದರುವುದಿಲ್ಲ ಹೇಳಿ? ಫೋನು ಬಂದರೆ ಹೆದರಿಕೆ, ಬಾರದಿದ್ದರೆ ಹೆದರಿಕೆ, ಭಾವ ಬಂದರೆ, ಅತ್ತೆ ಲೋಟ ಕೈಗೆ ತೆಗೆದುಕೊಂಡರೆ, ಡಬ್ಬಿಯಲ್ಲಿ ಹಾಕಿ ಕಳಿಸಿದ ಹಲ್ಲು ವಾಪಸ್ಸು ಬಂದರೆ. ಅವು ಎಲ್ಲಿ ಶುರು, ಎಲ್ಲಿ ಮುಗಿಯುತ್ತವೆ ಎಂಬುದೇ ತಿಳಿಯುವುದಿಲ್ಲ. ಇಲ್ಲಿ ಹೆದರಿಕೆ ಇದ್ದದ್ದು ಒಂದೇ ಒಂದು, ಇಡಬೇಕಾದ ಕಾಲಿನಷ್ಟೇ ಉದ್ದ, ಕಾಲಿಟ್ಟ ಮೇಲೆ ಮುಗಿದೇ ಹೋಗುತ್ತಿತ್ತು. ಇಂಥ ಅಚ್ಚುಕಟ್ಟಾದ ಹೆದರಿಕೆ ಸಿಗುವುದಾದರೆ ಯಾರು ತಾನೇ ಬೇಡ ಎನ್ನುತ್ತಾರೆ! ಗುಡ್ಡದ ತುದಿ ಬಂದಾಗ ಅವಳು ಪಕ್ಕಕ್ಕೆ ಸರಿಯಲಿಲ್ಲ. ಎಲ್ಲರಿಗಿಂತ ಮೊದಲು, ಸ್ವಂತ ಮನೆಯ ಹೊಸ್ತಿಲು ದಾಟುವವಳ ಹಾಗೆ, ಮೇಲೆ ಕಾಲಿಟ್ಟಳು.

ಗಾಳಿ ಜೋರಾಗಿತ್ತು. ಎಲ್ಲರೂ ಬಂಡೆಯ ಮರೆಯಲ್ಲಿ ಕೂತು ಬುತ್ತಿ ಬಿಚ್ಚಿದರು. ಅವಳು ಮೊಟ್ಟೆ ಸುಲಿದು ಹಂಚಿದಳು, ಸ್ಟುಡಿಯೋದ ಹೆಂಡತಿ ಬ್ರೆಡ್ಡು ಕೊಟ್ಟಳು, ಟೈಲರು ಮೂರು ಜನರ ಪಾಲನ್ನು ಒಬ್ಬನೇ ತಿಂದು, ಮನೆಯಲ್ಲಿ ಇದೇ ಮೊಟ್ಟೆಗೆ ಈ ರುಚಿ ಯಾಕಿರುವುದಿಲ್ಲ ಎಂದು ತಲೆದೂಗಿದ. ತಿಂದು ಕೈ ಒರೆಸಿಕೊಂಡ ಮೇಲೆ ಡಾಕ್ಟರಮ್ಮ ಗಂಟಲು ಸರಿ ಮಾಡಿಕೊಂಡರು. ಅವಳ ಕೈಯಲ್ಲಿದ್ದ ಮೊಟ್ಟೆಯ ಸಿಪ್ಪೆ ಪುಡಿಯಾಯಿತು.

"ಹಗ್ಗದಲ್ಲಿ ಇನ್ನೊಂದೇ ಜಾಗ ಇರೋದು, ನಿಮಗೇ ಗೊತ್ತು," ಎಂದರು ಡಾಕ್ಟರಮ್ಮ. "ನೀವಿಬ್ರೂ ನಿಧಾನ, ಇಬ್ರೂ ಗಟ್ಟಿ. ಯಾರನ್ನ ಕರ್ಕೊಂಡು ಹೋದ್ರೂ ನನಗೆ ಅಷ್ಟೇ. ನಾನು ಆರಿಸಲ್ಲ. ನೀವೇ ಹೇಳಿ, ಯಾರಿಗೆ ಬೇಕು?"

ಹೀಗೆ ಸಂತೆಯಲ್ಲಿ ಕೇಳಿದ ಹಾಗೆ ಎಲ್ಲರ ಎದುರಿಗೆ ಕೇಳುತ್ತಾರೆಂದು ಯಾರಿಗೆ ಗೊತ್ತಿತ್ತು? ಟೈಲರು ತಡಮಾಡಲಿಲ್ಲ. "ಅವರಿಗೇ ಕೊಡಿ ಡಾಕ್ಟರಮ್ಮಾ. ನನಗೇನು, ಇವತ್ತಲ್ಲ ನಾಳೆ," ಎಂದು ಕೈ ಮುಂದೆ ಮಾಡಿ, ಪಂಕ್ತಿಯಲ್ಲಿ ಅವರಿಗೆ ಬಡಿಸಿ ಎನ್ನುವ ಹಾಗೆ, ಅವಳನ್ನು ತೋರಿಸಿದ. ಇನ್ನು ಅವಳ ಸರದಿ. ಏನು ಹೇಳಬೇಕೆಂಬುದು ಹುಟ್ಟಿದಾಗಿನಿಂದ ಗೊತ್ತಿದ್ದದ್ದೇ: ಛೇ ಛೇ, ಬೇಡ, ಅವರೇ ಹೋಗ್ಲಿ, ಅವರು ದೊಡ್ಡವರು. ಅವನು ಮತ್ತೆ ಇಲ್ಲ ಇಲ್ಲ ಎನ್ನಬೇಕು, ಅವಳು ಮತ್ತೆ ಬೇಡಪ್ಪಾ ಎನ್ನಬೇಕು, ಕೊನೆಗೆ ಇಬ್ಬರೂ ಸೇರಿ ನಿಮ್ಮಿಷ್ಟ ಎಂದು ಡಾಕ್ಟರಮ್ಮನ ತಲೆಗೆ ಕಟ್ಟಬೇಕು. ಬೆಳಿಗ್ಗೆ ಅವನ ಹಿಮ್ಮಡಿ ತುಳಿದವಳಿಗೆ ಅಷ್ಟಾದರೂ ಬೇಡವೇ? ಅವಳು ಬಾಯಿ ತೆರೆದಳು. ಬೇಡ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು. ಅದರ ಹಿಂದಿನಿಂದ, ಎಲ್ಲಿಂದಲೋ ಕೆಳಗಿನಿಂದ, ಏದುಸಿರು ಬಿಡುತ್ತ ಇನ್ನೊಂದು ಮಾತು ಹತ್ತಿ ಬಂತು.

"ನನಗೆ ಬೇಕು," ಎಂದಳು.

ಹೇಳಿದ್ದು ತಾನೇ ಎಂದು ನಂಬಲಾಗದೆ ಇನ್ನೊಂದು ಸಲ ಹೇಳಿದಳು. "ಹೌದು. ನನಗೆ ಬೇಕು. ಯಾಕೆ ಅಂತ ಕೇಳ್ಬೇಡಿ. ಬೇರೆ ಕಾರಣ ಏನೂ ಇಲ್ಲ, ಬೇಕು ಅಷ್ಟೇ." ಕಿವಿ ಕಾದು ಕೆಂಡವಾಗಿತ್ತು. ಆದರೂ ಎದೆಯೊಳಗೆ ಎಂಥ ಹಗುರ! ತಿಂಗಳಿಂದ ಕೇಳಿದವರಿಗೆಲ್ಲ ಹೇಳಿದ ಕಾರಣಗಳು ಒಂದೊಂದಾಗಿ ಜಾರಿ ಕೆಳಗೆ ಉರುಳಿ ಹೋದಂತಿತ್ತು.

ಡಾಕ್ಟರಮ್ಮ ಮೊದಲ ಸಲ ನಕ್ಕರು. "ಅಬ್ಬಾ, ಅಂತೂ ಒಬ್ರು ಬಾಯಿ ಬಿಟ್ರಿ. ನಿಮ್ಮಿಷ್ಟ ಅನ್ನೋರನ್ನ ನಾನು ಹಿಮದ ಮೇಲೆ ಕರ್ಕೊಂಡು ಹೋಗಲ್ಲ ಕಣ್ರೀ. ಅಂಥೋರು ಕಾಲು ಮರಗಟ್ಟಿದ್ರೂ ಹೇಳಲ್ಲ, ಸಾಕಾಗಿದ್ರೂ ಹೇಳಲ್ಲ, ನಗ್ತಾ ನಗ್ತಾ ಬಿದ್ದುಹೋಗ್ತಾರೆ. ಸರಿ, ನೀವು ಬನ್ನಿ. ಸಾಲಿನ ಮುಂದೆ ನಡೀಬೇಕಾಗುತ್ತೆ."

"ಮುಂದೇನೇ ನಡೀತೀನಿ," ಎಂದಳು. ಮನೆಗೆ ಹೋದ ಕೂಡಲೇ ಗಂಡನಿಗೆ ಹೇಳಬೇಕು, ಎರಡನೆಯವಳಾಗಲಿಲ್ಲ ಕಣ್ರೀ, ಮತ್ತೆ ಮುಂದಿನವಳೇ ಆದೆ, ಬೇಕಾದರೆ ನಾಳೆಯಿಂದ ಇನ್ನೊಂದು ಸುತ್ತು ಟಾಂಟಾಂ ಹೊಡೆಯಿರಿ ಎಂದು. ಅವಳು ಟೈಲರನ ಕಡೆ ನೋಡಿದಳು. ನೋಡದೆ ಇರುವುದಾದರೂ ಹೇಗೆ? ಅವನು ಚೀಲ ಕಟ್ಟುತ್ತ, ಮುಖ ಎತ್ತದೆ, ನಗುತ್ತಲೇ ಹೇಳಿದ:

"ನನಗೂ ಬೇಕಿತ್ತು ಕಣಮ್ಮಾ."

ಕ್ಷಮಿಸಿ ಎಂದರೆ ಸುಳ್ಳಾಗುತ್ತಿತ್ತು, ಬಿಟ್ಟುಕೊಡುತ್ತೇನೆ ಎಂದರೆ ಇನ್ನೂ ದೊಡ್ಡ ಸುಳ್ಳು. "ಮತ್ತೆ ಹೇಳ್ಬಾರ್ದಿತ್ತಾ!" ಎಂದಳು ಕೊನೆಗೆ, ಸಿಟ್ಟಿನಿಂದಲೇ.

"ಹೇಳೋಕೆ ಬರಬೇಕಲ್ಲ. ಅಂಗಡಿಗೆ ಬಂದೋರನ್ನೆಲ್ಲ ನಿಮಗೆ ಹೇಗೆ ಬೇಕು, ಎಷ್ಟು ಸಡಿಲ ಬೇಕು ಅಂತ ಕೇಳಿ ಕೇಳಿ ಅಭ್ಯಾಸ. ನನ್ನ ಯಾರು ಕೇಳಿದ್ರು?" ಎಂದು ಅವನು ಚೀಲ ಬೆನ್ನಿಗೇರಿಸಿದ. "ಮುಂದಿನ ವರ್ಷಕ್ಕೆ ಕಲೀಬೇಕು."

"ಮುಂದಿನ ವರ್ಷದ ತನಕ ಯಾಕೆ? ಇಳೀತಾ ಇಳೀತಾ ಕಲೀರಿ," ಎಂದು ಅವಳು ಮುಂದೆ ನಿಂತಳು. ಸಾಲು ಹಿಂದೆ ಸೇರಿಕೊಂಡಿತು. ಇಳಿಜಾರು ಶುರುವಾದ ಮೇಲೆ ಬೆನ್ನ ಹಿಂದೆ ಟೈಲರು ಗೊಣಗಿದ್ದು ಕೇಳಿಸಿತು: "ನನಗೆ ಬೇಕು."

ಅವಳು ತಿರುಗಿ ನೋಡಲಿಲ್ಲ. "ಏನೂ ಕೇಳಿಸ್ಲಿಲ್ಲ!" ಎಂದಳು.

"ನನಗೆ ಬೇಕು."

"ಹಿಂದಿನೋರಿಗೆ ಕೇಳಿಸಿತೇನ್ರೀ?"

"ಇಲ್ಲಾ!" ಎಂದರು ಸ್ಟುಡಿಯೋದ ಗಂಡ ಹೆಂಡತಿ ಒಟ್ಟಿಗೆ. "ಇಲ್ಲವೇ ಇಲ್ಲ!" ಎಂದು ಜಿಂಕೆ ಕೂಗಿದ. ಟೈಲರು ನಿಂತ, ಅವಳೂ ನಿಂತಳು, ಸಾಲಿಗೆ ಸಾಲೇ ನಿಂತಿತು. ಅವನು ದೊಡ್ಡ ಹೊಟ್ಟೆಯ ತುಂಬ ಗಾಳಿ ತೆಗೆದುಕೊಳ್ಳುವುದು ಅವಳಿಗೆ ಬೆನ್ನಿನಿಂದಲೇ ಗೊತ್ತಾಯಿತು, ಕಟ್ಟಕಡೆಯಲ್ಲಿದ್ದ ಡಾಕ್ಟರಮ್ಮನಿಗೂ ಗೊತ್ತಾಗಿರಬೇಕು. ಅವನು ಕೂಗಿದ ರಭಸಕ್ಕೆ ಕೆಳಗಿನ ಹುಲ್ಲಿನಿಂದ ಹಕ್ಕಿಗಳು ಬುರ್ರೆಂದು ಎದ್ದುವು.